ಆಯಮ್ಮ ತುಳಿದ ಮಣ್ಣು, ಹೆಬ್ಬೆರಳು ಗಾತ್ರದ ಗುಂಡು

ನನಗೆ ಕೋಪ ಮೂಗಿನ ತುದಿಯಲ್ಲಿರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಅವರಿಗೆ ಗೊತ್ತಿಲ್ಲ. ನನ್ನ ಕೋಪ ಇರುವುದು ಕಾಲಿನಲ್ಲಿ. ಬಂದರೆ ಎದುರಿಗೆ ಸಿಕ್ಕಿದ್ದನ್ನು ಒದೆಯುತ್ತೇನೆ. ಬಾಗಿಲು, ಬಕೆಟ್ಟು, ಒಂದು ಸಲ ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಗಂಟೆಯಿಂದ ಹೊರಡದೆ ನಿಂತಿದ್ದ ಬಸ್ಸಿನ ಟೈರು. ನಾಲಿಗೆಯ ತುದಿಯಲ್ಲಿರುವುದು ಬೇರೆ ಕಾಯಿಲೆ, ಅದು ಚೇಷ್ಟೆ. ಕೇಳಿಸಿಕೊಳ್ಳಲು ಒಬ್ಬರಿದ್ದರೆ ಸಾಕು, ಇನ್ನೊಬ್ಬರನ್ನು ಕಿಚಾಯಿಸುವ ಮಾತೊಂದು ತಾನಾಗಿಯೇ ಜಾರಿ ಬೀಳುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ, ಮಾಲೂರಿನ ಆಚೆ ಕೆಲಸ ನಿಂತುಹೋಗಿದ್ದ ಒಂದು ಕಲ್ಲು ಕ್ವಾರಿಯಲ್ಲಿ, ಹಾಗೆ ಜಾರಿದ ಒಂದು ಮಾತಿನಿಂದ ನನ್ನ ನೌಕರಿ ಕೈತಪ್ಪುವುದರಲ್ಲಿತ್ತು.

ನೌಕರಿ ಎಂದರೆ ಸರ್ಕಾರಿ ನೌಕರಿ. ಡಿಪ್ಲೊಮಾ ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತು ಅಪ್ಪನ ಕೈಲಿ ಅನ್ನಿಸಿಕೊಂಡ ಮೇಲೆ ಸಿಕ್ಕಿದ್ದು. ಬೆಂಗಳೂರಿನ ಒಂದು ಪರೀಕ್ಷಾ ವಿಭಾಗದಲ್ಲಿ ಲ್ಯಾಬ್ ಅಸಿಸ್ಟೆಂಟು. ದೊಡ್ಡ ಕೋವಿಯ ಗುಂಡು ಒಂದು ವಸ್ತುವಿಗೆ ತಗುಲಿದ ಮೇಲೆ ಅದರೊಳಗೆ ಹೋಗಿ ಏನೇನು ಮಾಡುತ್ತದೆ ಎಂದು ನೋಡಿ, ಅಳೆದು, ಬರೆದಿಡುವುದು ನಮ್ಮ ಕೆಲಸ. ಮೊದಲ ಆರು ತಿಂಗಳು ಪ್ರೊಬೇಷನ್. ಅದು ಮುಗಿಯುವಾಗ ನಮ್ಮ ಸಾಹೇಬರು ಒಂದು ಸಾಲು ಬರೆಯಬೇಕು. ಆ ಸಾಲು ಚೆನ್ನಾಗಿದ್ದರೆ ಕೆಲಸ ಕಾಯಂ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಊರಿಗೆ.

ಊರಿಗೆ ಹೋಗುವುದೇನು ದೊಡ್ಡದಲ್ಲ, ಮುಳಬಾಗಿಲು ದಾಟಿ ನಂಗಲಿಯಲ್ಲಿ ಇಳಿದು ಎರಡು ಮೈಲಿ ನಡೆದರೆ ಆಯಿತು. ಆದರೆ ನಂಗಲಿಯ ಹೆದ್ದಾರಿ ಪಕ್ಕದ ಟೀ ಅಂಗಡಿಯಲ್ಲಿ ನಮ್ಮಪ್ಪ ಆಗಲೇ ಕೆಲಸ ಕೆಡಿಸಿಟ್ಟಿದ್ದ. 'ಬಾರ್ಡರಿಗೆ ಹೋಗೋ ಒಂದೊಂದು ಗುಂಡನ್ನೂ ಮೊದಲು ನಮ್ಮ ಹುಡುಗ ನೋಡಿ ಪಾಸ್ ಮಾಡಬೇಕು' ಎಂದು ಅಲ್ಲಿ ನಿಲ್ಲುವ ಲಾರಿ ಡ್ರೈವರುಗಳಿಗೆಲ್ಲ ಹೇಳಿಬಿಟ್ಟಿದ್ದ. ನಾನು ರಜೆಗೆ ಹೋದರೆ ಚಿತ್ತೂರಿನ ಕಡೆಯ ಡ್ರೈವರುಗಳು ಸುತ್ತ ನೆರೆದು, ಗುಂಡು ಲಾರಿ ಇಂಜಿನ್ನನ್ನು ತೂರುತ್ತದೋ ಇಲ್ಲವೋ ಎಂದು ಕೇಳುತ್ತಿದ್ದರು. ನಾನು ಗಂಭೀರವಾಗಿ, 'ಅದೆಲ್ಲ ಹೇಳೋ ಹಾಗಿಲ್ಲ' ಎನ್ನುತ್ತಿದ್ದೆ. ನಿಜವಾಗಿ ನನಗೆ ಗೊತ್ತಿರಲಿಲ್ಲ. ಇಷ್ಟಾದ ಮೇಲೆ ಕೆಲಸ ಕಳೆದುಕೊಂಡು ಆ ಅಂಗಡಿಯ ಮುಂದೆ ಬಸ್ಸಿನಿಂದ ಇಳಿಯುವುದನ್ನು ನೆನೆದರೆ ಚಿತ್ತೂರಿನವರೆಗೆ ಟಿಕೆಟ್ ತೆಗೆದುಕೊಳ್ಳುವುದೇ ವಾಸಿ ಎನಿಸುತ್ತಿತ್ತು.

ಕ್ವಾರಿಗೆ ನಾವು ವಾರಕ್ಕೆ ಒಂದು ದಿನ ಜೀಪಿನಲ್ಲಿ ಬರುತ್ತಿದ್ದೆವು. ಸಾಹೇಬರು, ಹವಾಲ್ದಾರರು, ನಾನು. ಸಾಹೇಬರು ಮೈಸೂರಿನವರು, ಟೈಪ್ ಮಾಡಿದ ಕಾಗದವನ್ನು ಓದಿದ ಹಾಗೆ ಮಾತಾಡುತ್ತಿದ್ದರು. ಹವಾಲ್ದಾರರು ಶ್ರೀನಿವಾಸಪುರದ ಕಡೆಯವರು, ಸೈನ್ಯದಿಂದ ನಿವೃತ್ತರಾಗಿ ನಮ್ಮಲ್ಲಿ ಸೇರಿದ್ದರು. ಅವರಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ, ಬಲಗಿವಿ ಬೇಕಾದಾಗ ಮಾತ್ರ ಕೇಳಿಸುತ್ತಿತ್ತು. ಕೋವಿಯನ್ನು ಅವರು ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದು ಕಟ್ಟುತ್ತಿದ್ದರು. ಪೊಲೀಸರ ಹೆಗಲ ಮೇಲಿರುತ್ತದಲ್ಲ, ಅಂಥ ಕೋವಿಯಲ್ಲ ಅದು. ಇಬ್ಬರು ಹೊತ್ತು ತರಬೇಕು, ಗುಂಡೇ ಹೆಬ್ಬೆರಳು ಗಾತ್ರ. ಅದರ ಕುದುರೆಗೆ, ಅಂದರೆ ಟ್ರಿಗರಿಗೆ, ಒಂದು ದಾರ ಕಟ್ಟಿ, ಬಂಡೆಯ ಹಿಂದೆ ಕೂತು, ಹವಾಲ್ದಾರರು ದಾರ ಎಳೆಯುತ್ತಿದ್ದರು. ಅವರ ಕೆಲಸ ಅಷ್ಟೇ. ಆದರೆ ಆ ದಾರ ಎಳೆಯುವ ಮೊದಲು ಮೀಸೆ ತಿರುವುವುದನ್ನು ಒಂದು ದಿನವೂ ತಪ್ಪಿಸಲಿಲ್ಲ.

ಗುಂಡು ಹೊಡೆಯುತ್ತಿದ್ದುದು ಜೇಡಿಮಣ್ಣಿಗೆ. ಮರಕ್ಕೆ ಹೊಡೆದರೆ ಸೀಳಿಹೋಗುತ್ತದೆ, ಮರಳಿಗೆ ಹೊಡೆದರೆ ತೂತು ತಾನೇ ಮುಚ್ಚಿಕೊಳ್ಳುತ್ತದೆ. ಹದವಾದ ಜೇಡಿಮಣ್ಣು ಮಾತ್ರ ಬಿದ್ದ ಏಟನ್ನು ಬಿದ್ದ ಹಾಗೇ ಇಟ್ಟುಕೊಳ್ಳುತ್ತದೆ. ಮಾಲೂರಿನಲ್ಲಿ ಹೆಂಚಿಗೆ ಬಳಸುವ ಮಣ್ಣು ಇದಕ್ಕೆ ಹೇಳಿ ಮಾಡಿಸಿದಂತಿತ್ತು. ಮೊಳದುದ್ದದ ದಿಮ್ಮಿಗಳನ್ನು ಮಾಡಿ, ಐದನ್ನು ಒಂದರ ಹಿಂದೊಂದು ರೈಲು ಡಬ್ಬಿಯ ಹಾಗೆ ಜೋಡಿಸುವುದು, ಮುಂದಿನಿಂದ ಹೊಡೆಯುವುದು. ಗುಂಡು ಒಳಗೆ ಹೋಗಿ ಮೊದಲು ಸ್ವಲ್ಪ ದೂರ ಮರ್ಯಾದಸ್ಥನ ಹಾಗೆ ನೇರವಾಗಿ ನಡೆಯುತ್ತದೆ, ಆಮೇಲೆ ಅಡ್ಡಡ್ಡ ಹೊರಳುತ್ತದೆ. ತಂತಿಯಿಂದ ದಿಮ್ಮಿಯನ್ನು ಕೊಯ್ದು ನೋಡಿದರೆ ಒಳಗೆ ಸೋರೆಕಾಯಿಯ ಆಕಾರದ ಟೊಳ್ಳು ಕಾಣುತ್ತದೆ. ಕತ್ತು ಕೈ ತೂರುವಷ್ಟು ಸಣ್ಣ, ಹೊಟ್ಟೆ ದಪ್ಪ. ಕತ್ತು ಎಷ್ಟುದ್ದ, ಹೊಟ್ಟೆ ಎಲ್ಲಿ ಶುರು, ಗುಂಡು ಕೊನೆಗೆ ಎಲ್ಲಿ ನಿಂತಿತು, ಇಷ್ಟನ್ನೂ ನಾನು ಅಳೆಯಬೇಕಿತ್ತು. ಆಫೀಸಿನವರು ಕೊಟ್ಟ ಅಳತೆ ಕಡ್ಡಿ ಎರಡನೆಯ ದಿನವೇ ಕಳೆದುಹೋಗಿತ್ತು. ನಾನು ನಮ್ಮಪ್ಪನ ಹಳೆ ಕೊಡೆಯ ಒಂದು ಕಡ್ಡಿ ಮುರಿದು ತಂದು, ಅದಕ್ಕೆ ಗುರುತು ಹಾಕಿ, ಅದರಲ್ಲೇ ಅಳೆಯುತ್ತಿದ್ದೆ. ಇದನ್ನು ಸಾಹೇಬರಿಗೆ ಹೇಳಿರಲಿಲ್ಲ, ಅಪ್ಪನಿಗೂ ಹೇಳಿರಲಿಲ್ಲ.

ಮಣ್ಣು ತಯಾರಿಸಲು ಪಕ್ಕದ ಹಳ್ಳಿಯಿಂದ ಒಬ್ಬಾಕೆಯನ್ನು ದಿನಗೂಲಿಗೆ ಗೊತ್ತು ಮಾಡಿದ್ದೆವು. ಐವತ್ತು ದಾಟಿದ ಹೆಂಗಸು. ಹೆಂಚಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮಣ್ಣು ತುಳಿದವಳು. ಅಲ್ಲಿ ಮಿಷನ್ ಬಂದ ಮೇಲೆ ಈಕೆಯನ್ನು ಮನೆಗೆ ಕಳಿಸಿದ್ದರು. ನಾವೆಲ್ಲ 'ಆಯಮ್ಮ' ಎಂದೇ ಕರೆಯುತ್ತಿದ್ದೆವು. ನಮ್ಮ ಕಡೆ ಹೆಸರು ಹಿಡಿಯದೆ ಹಾಗೆನ್ನುವುದು ರೂಢಿ. ಆಕೆ ಒಂದು ಹಿಡಿ ಮಣ್ಣು ಬಾಯಿಗೆ ಹಾಕಿಕೊಂಡು, ನಾಲಿಗೆಯಲ್ಲಿ ಆಡಿಸಿ ಉಗುಳಿ, 'ಇದರಾಗೆ ಮರಳೈತೆ, ಬ್ಯಾಡ' ಎನ್ನುತ್ತಿದ್ದಳು. ನಮ್ಮ ಲ್ಯಾಬಿನಲ್ಲಿ ಅದೇ ಮಾತನ್ನು ಹೇಳಲು ನಾಲ್ಕು ದಿನ ಬೇಕಾಗುತ್ತಿತ್ತು.

ಮೊದಲ ವಾರ ದಿಮ್ಮಿಗಳನ್ನು ಜೋಡಿಸುವಾಗ ಆಕೆ ನನ್ನನ್ನು ಕೇಳಿದಳು, 'ಯಾತಕ್ಕೆ ಸಾಮಿ ಈ ಮಣ್ಣು?'

'ಪರೀಕ್ಷೆ ಮಾಡೋದಕ್ಕೆ' ಎಂದೆ. ಯಾವುದರ ಪರೀಕ್ಷೆ ಎಂದು ಹೇಳಲಿಲ್ಲ. ಮಣ್ಣು ತುಳಿಯುವವಳಿಗೆ ಅದೆಲ್ಲ ಯಾಕೆ ಎನ್ನುವ ಪೊಗರು ನನಗೆ.

ಹವಾಲ್ದಾರರು ದಾರ ಎಳೆದರು. ಕ್ವಾರಿಯೆಲ್ಲ ಗುಡುಗಿತು. ಹೊಂಗೆ ಮರದ ಕೆಳಗೆ ಸೆರಗು ಕಿವಿಗೆ ಒತ್ತಿಕೊಂಡು ಕೂತಿದ್ದ ಆಯಮ್ಮ ಓಡಿ ಬಂದಳು. ಗುಂಡು ನಾಲ್ಕು ದಿಮ್ಮಿ ದಾಟಿ ಐದನೆಯದರಲ್ಲಿ ನಿಂತಿತ್ತು. ಸಾಹೇಬರ ಲೆಕ್ಕಾಚಾರಕ್ಕೆ ಸರಿಯಾಗಿಯೇ ಬಂದಿತ್ತು, ಅವರು ಖುಷಿಯಾಗಿದ್ದರು. ಆಯಮ್ಮ ಮಾತ್ರ ತೂತಿನೊಳಗೆ ಕೈ ಹಾಕಿ, ಪೆಚ್ಚಾಗಿ ನಿಂತಳು. ಪಕ್ಕದಲ್ಲಿ ಹವಾಲ್ದಾರರು ಇದ್ದರು. ನನ್ನ ನಾಲಿಗೆ ಸುಮ್ಮನಿರಬೇಕಲ್ಲ.

'ಏನಮ್ಮಾ, ನಾಲ್ಕು ದಿಮ್ಮಿ ತೂರ್ಕೊಂಡು ಹೋಯ್ತು. ಮೂವತ್ತು ವರ್ಷ ತುಳಿದಿದ್ದೀನಿ ಅಂತಿದ್ದೆ, ನಿನ್ನ ಮಣ್ಣಿನ ಕಸುವು ಇಷ್ಟೇನಾ?' ಎಂದೆ.

ಹವಾಲ್ದಾರರ ಬಲಗಿವಿಗೆ ಆಗ ಕೇಳಿಸಿತು. ಅವರು ಗಹಗಹಿಸಿ ನಕ್ಕರು, ನಾನೂ ನಕ್ಕೆ. ಆಯಮ್ಮ ನಗಲಿಲ್ಲ. 'ಬರೋ ವಾರ ನೋಡೋಣ ಸಾಮಿ' ಎಂದಷ್ಟೇ ಹೇಳಿ, ಕೈಗೆ ಮೆತ್ತಿದ ಮಣ್ಣನ್ನು ಒರೆಸಿಕೊಂಡು ಹೊರಟುಹೋದಳು. ನಾನು ಆ ಮಾತನ್ನು ಅಲ್ಲೇ ಮರೆತೆ.

ಮುಂದಿನ ವಾರ ಗುಂಡು ನಾಲ್ಕನೆಯ ದಿಮ್ಮಿಯಲ್ಲಿ ನಿಂತಿತು. ಅದೇ ಕೋವಿ, ಅದೇ ದೂರ, ಅದೇ ಪೆಟ್ಟಿಗೆಯ ತೋಟಾ. ಸಾಹೇಬರು ಹುಬ್ಬು ಗಂಟಿಕ್ಕಿ, 'ಕುತೂಹಲಕಾರಿಯಾಗಿದೆ' ಎಂದರು. ಅದರ ಮುಂದಿನ ವಾರ ಮೂರನೆಯ ದಿಮ್ಮಿಯ ಮಧ್ಯಕ್ಕೆ ಬಂತು. ಸಾಹೇಬರು ಕುತೂಹಲವನ್ನು ಬಿಟ್ಟು ನನ್ನನ್ನು ನೋಡಿದರು.

'ತೋಟಾ ಪೆಟ್ಟಿಗೆಯನ್ನು ಎಲ್ಲಿ ಇಡುತ್ತಿದ್ದೀರಿ?'

'ಜೀಪಿನ ಹತ್ತಿರ, ಸಾರ್.'

'ಬಿಸಿಲಿನಲ್ಲಿ?'

ಮಾಲೂರಿನ ಬಿಸಿಲಿಗೆ ಮದ್ದಿನ ಶಕ್ತಿ ಕುಂದಿದೆ ಎನ್ನುವುದು ಸಾಹೇಬರ ಸಿದ್ಧಾಂತವಾಯಿತು. ಪೆಟ್ಟಿಗೆ ನನ್ನ ವಶದಲ್ಲಿದ್ದುದರಿಂದ ತಪ್ಪೂ ನನ್ನದೇ. ಅಂದಿನಿಂದ ಆ ಪೆಟ್ಟಿಗೆಯನ್ನು ನಾನು ಬಾಣಂತಿಯ ಹಾಗೆ ನೋಡಿಕೊಂಡೆ. ಮರದ ನೆರಳಿನಲ್ಲಿಟ್ಟು, ಸುತ್ತ ಒದ್ದೆ ಗೋಣಿ ಕಟ್ಟಿ, ಬಿಸಿಲು ಸರಿದ ಹಾಗೆಲ್ಲ ಅದನ್ನೂ ಸರಿಸುತ್ತಿದ್ದೆ. ನನಗೆ ತಲೆಗೆ ಕಟ್ಟಲು ಒಂದು ಟವೆಲ್ ಇರಲಿಲ್ಲ, ತೋಟಾಗಳು ತಂಪಾಗಿದ್ದವು.

ನಾಲ್ಕನೆಯ ವಾರ ಗುಂಡು ಎರಡನೆಯ ದಿಮ್ಮಿಯನ್ನೂ ದಾಟಲಿಲ್ಲ. ಸಾಹೇಬರಿಗೆ ಈ ಸಲ ಹವಾಲ್ದಾರರ ಮೇಲೆ ಅನುಮಾನ ಬಂತು. 'ನಿಮಗೂ ವಯಸ್ಸಾಯಿತು, ಮೊದಲಿನ ಹಿಡಿತ ಇಲ್ಲವೇನೋ' ಎಂದು ನಯವಾಗಿಯೇ ಹೇಳಿದರು.

ಹವಾಲ್ದಾರರು ಕೈಯಲ್ಲಿದ್ದ ದಾರವನ್ನು ಎತ್ತಿ ತೋರಿಸಿದರು. 'ದಾರ ಎಳೆಯೋಕೂ ವಯಸ್ಸಾಗುತ್ತಾ ಸಾರ್?' ಎಂದರು. ಆಮೇಲೆ ಆ ದಿನವೆಲ್ಲ ಅವರ ಎರಡೂ ಕಿವಿ ಕೇಳಿಸಲಿಲ್ಲ.

ನಿಜ ಹೇಳಬೇಕೆಂದರೆ, ಕಣ್ಣಿದ್ದವರಿಗೆ ಎಲ್ಲ ಕಾಣುವ ಹಾಗೇ ಇತ್ತು. ಮೂರನೆಯ ವಾರದಿಂದ ದಿಮ್ಮಿಗಳ ಮೇಲೆ ಇರುವೆ ಹತ್ತುತ್ತಿತ್ತು. ಸಾಲುಗಟ್ಟಿ ಬಂದು ತೂತಿನೊಳಗೆ ಹೊಕ್ಕು, ನನಗಿಂತ ಮೊದಲು ಆಳ ಅಳೆದು ಹೊರಬರುತ್ತಿದ್ದವು. ನಾನು ಅವುಗಳನ್ನು ಊದಿ ಓಡಿಸಿ ಕೊಡೆಕಡ್ಡಿ ತೂರಿಸುತ್ತಿದ್ದೆ. ನಾಲ್ಕನೆಯ ವಾರ ಯಾರದೋ ಮೇಕೆಯೊಂದು ಬಂದು ದಿಮ್ಮಿಯ ಮೂಲೆಯನ್ನು ಕಚ್ಚಿ ಎಳೆಯುತ್ತಿತ್ತು. ಮಣ್ಣನ್ನು ಮೇಕೆ ತಿನ್ನುತ್ತದೆಯೇ ಎಂದು ಒಂದು ಕ್ಷಣವೂ ಯೋಚಿಸಲಿಲ್ಲ. ಕಲ್ಲು ಬೀಸಿ ಓಡಿಸಿ, ನೋಟ್‌ಬುಕ್ಕಿನಲ್ಲಿ 'ಹವೆ: ಬಿಸಿ. ಗಾಳಿ: ಇಲ್ಲ' ಎಂದು ನೀಟಾಗಿ ಬರೆದುಕೊಂಡೆ. ಇಂಥ ಬುದ್ಧಿವಂತನಿಗೆ ಸರ್ಕಾರ ಸಂಬಳ ಕೊಡುತ್ತಿತ್ತು.

ಐದನೆಯ ವಾರ ಬಂತು. ನನ್ನ ಪ್ರೊಬೇಷನ್ ಮುಗಿಯಲು ಇನ್ನು ಹದಿನೈದು ದಿನ. ಹವಾಲ್ದಾರರು ಮೀಸೆ ತಿರುವಿ ದಾರ ಎಳೆದರು. ಹೋಗಿ ನೋಡುತ್ತೇವೆ, ಗುಂಡು ಮೊದಲನೆಯ ದಿಮ್ಮಿಯೊಳಗೇ ಕೂತಿದೆ. ಹಿಂದಿನ ನಾಲ್ಕು ದಿಮ್ಮಿಗಳು ಮದುವೆಗೆ ಬಂದ ನೆಂಟರ ಹಾಗೆ ಏನೂ ಮಾಡದೆ ಸುಮ್ಮನೆ ಸಾಲಾಗಿ ಕೂತಿದ್ದವು. ಸೋರೆಕಾಯಿಯ ಆಕಾರವಿಲ್ಲ, ಹೊಟ್ಟೆಯಿಲ್ಲ, ಏನೂ ಇಲ್ಲ.

ಸಾಹೇಬರು ಟೋಪಿ ತೆಗೆದು, ಹಣೆ ಒರೆಸಿಕೊಂಡು, ಟೈಪ್ ಹೊಡೆದಂತೆ ಹೇಳಿದರು. 'ಮುಂದಿನ ವಾರ ಬೆಂಗಳೂರಿನಿಂದ ಹಿರಿಯ ಅಧಿಕಾರಿಗಳು ಪರೀಕ್ಷೆ ನೋಡಲು ಬರುತ್ತಿದ್ದಾರೆ. ಅವರೆದುರು ಮೊದಲ ವಾರದ ಫಲಿತಾಂಶ ಬರಬೇಕು. ಬಾರದಿದ್ದರೆ, ನಿಮ್ಮ ಅಜಾಗರೂಕತೆಯಿಂದ ತೋಟಾ ಕೆಟ್ಟಿದೆ ಎಂದು ನಾನು ಬರೆಯಬೇಕಾಗುತ್ತದೆ. ಆಮೇಲೆ ನಿಮ್ಮನ್ನು ಕಾಯಂ ಮಾಡುವ ಪ್ರಶ್ನೆಯೇ ಏಳುವುದಿಲ್ಲ.'

ಅವರು ಜೀಪಿನ ಕಡೆ ನಡೆದರು. ನನಗೆ ಕೋಪ ಕಾಲಿಗೆ ಇಳಿಯಿತು. ಎದುರಿಗೆ ಸಿಕ್ಕಿದ ಆ ಮೊದಲನೆಯ ದಿಮ್ಮಿಗೆ ಜಾಡಿಸಿ ಒದ್ದೆ. ಗುಂಡಿಗೇ ಜಗ್ಗದ್ದು ನನ್ನ ಚಪ್ಪಲಿಗೆ ಜಗ್ಗುತ್ತದೆಯೇ? ಹೆಬ್ಬೆರಳಿನ ಉಗುರು ಎದ್ದು ಬಂತು. ಅಲ್ಲೇ ಕೂತು ಕಾಲು ಹಿಡಿದುಕೊಂಡು ನರಳುತ್ತಿದ್ದಾಗ ಆಯಮ್ಮ ಓಡಿ ಬಂದಳು. ನನ್ನ ಕಾಲು ನೋಡಲು ಬಂದಳು ಎಂದುಕೊಂಡೆ. ಆಕೆ ನನ್ನನ್ನು ದಾಟಿ ಹೋಗಿ ದಿಮ್ಮಿಯನ್ನು ಸವರಿದಳು.

'ನಿಂತಿತಾ ಸಾಮಿ? ಒಂದರಾಗೇ ನಿಂತಿತಾ?' ಎಂದಳು. ಮುಖ ಅರಳಿತ್ತು.

'ನಿಂತಿತು' ಎಂದೆ, ಹಲ್ಲು ಕಚ್ಚಿಕೊಂಡು.

ಆಕೆ ಸೊಂಟಕ್ಕೆ ಕಟ್ಟಿದ್ದ ಚೀಲದಿಂದ ಒಂದು ತೆಂಗಿನಕಾಯಿ ತೆಗೆದಳು. ಎರಡು ಊದುಬತ್ತಿ, ಒಂದು ಚೂರು ಕರ್ಪೂರ. ದಿಮ್ಮಿಯ ಮುಂದೆ ಊದುಬತ್ತಿ ಹಚ್ಚಿ, ಕರ್ಪೂರ ಬೆಳಗಿ, ಪಕ್ಕದ ಬಂಡೆಗೆ ಕಾಯಿ ಒಡೆದು, ಒಂದು ಹೋಳನ್ನು ನನ್ನ ಮುಂದೆ ಹಿಡಿದಳು. ನಾನು ಕಾಲಿನಿಂದ ರಕ್ತ ಸೋರಿಸಿಕೊಂಡು, ಕೈಯಲ್ಲಿ ಕಾಯಿ ಹೋಳು ಹಿಡಿದು, ಬೆಪ್ಪನ ಹಾಗೆ ಕೂತಿದ್ದೆ.

'ಇದು ಯಾಕಮ್ಮ?'

'ಹರಕೆ ಕಟ್ಕೊಂಡಿದ್ದೆ ಸಾಮಿ. ನೀವು ಪರೀಕ್ಷೆ ಅಂದ್ರಿ, ಮೊದಲನೇ ದಪಾ ಫೇಲಾಯ್ತು. ನಿನ್ನ ಮಣ್ಣಿನ ಕಸುವು ಇಷ್ಟೇನಾ ಅಂದ್ರಿ. ಆವತ್ತು ನಂಗೆ ಅನ್ನ ಸೇರಲಿಲ್ಲ. ಕಾರ್ಖಾನೇಲಿ ಮೂವತ್ತು ವರ್ಷ ಯಾರೂ ನಂಗೆ ಆ ಮಾತು ಅಂದಿಲ್ಲ. ಮಿಷನ್ ಬಂತು ಅಂತ ಕಳಿಸಿದ್ರು, ಮಣ್ಣು ಸರಿಯಿಲ್ಲ ಅಂತ ಕಳಿಸಲಿಲ್ಲ.'

ಆಮೇಲೆ ಒಂದೊಂದೇ ಹೇಳಿದಳು. ಎರಡನೆಯ ವಾರ ಒಂದು ದಿನದ ಬದಲು ಮೂರು ದಿನ ತುಳಿದಿದ್ದಳು. ಮೂರನೆಯ ವಾರ ಗೋಡೆಯ ಗಾರೆಗೆ ಹಾಕುವಂತೆ ಬೆಲ್ಲದ ನೀರು, ಅಳಲೆಕಾಯಿ ನೀರು ಬೆರೆಸಿದ್ದಳು. ಇರುವೆ ಬಂದದ್ದು ಅದಕ್ಕೆ. ನಾಲ್ಕನೆಯ ವಾರ ರಾಗಿ ಹುಲ್ಲನ್ನು ಸಣ್ಣಗೆ ಕತ್ತರಿಸಿ ಹಾಕಿದ್ದಳು. ಮೇಕೆಗೆ ಗೊತ್ತಾದದ್ದು ನನಗೆ ಗೊತ್ತಾಗಿರಲಿಲ್ಲ. ಐದನೆಯ ವಾರ ಕಣ ಗಟ್ಟಿ ಮಾಡಲು ಬಡಿಯುವ ಮರದ ಕೊಡತಿಯಿಂದ ಸೊಸೆಯನ್ನೂ ಕೂಡಿಸಿಕೊಂಡು ಬಡಿದು ಬಡಿದು, ಅರ್ಧ ಒಣಗಿಸಿ, ಮತ್ತೆ ಬಡಿದಿದ್ದಳು. ಬೆಲ್ಲ ಆಕೆಯ ಮನೆಯದು. ರಾಗಿ ಹುಲ್ಲೂ ಮನೆಯದೇ.

ಬಯ್ಯಬೇಕೆಂದು ಬಾಯಿ ತೆರೆದೆ. ಯಾರನ್ನು ಬಯ್ಯಲಿ? ಆವತ್ತು ನಕ್ಕವನು ನಾನೇ. 'ಇದು ಗುಂಡಿನ ಪರೀಕ್ಷೆ ಕಣಮ್ಮಾ, ನಿನ್ನ ಮಣ್ಣಿನ ಪರೀಕ್ಷೆ ಅಲ್ಲ' ಎಂದೆ. ಆಕೆ ನನ್ನನ್ನು ನೋಡಿದಳು, ದಿಮ್ಮಿಯನ್ನು ನೋಡಿದಳು. 'ಗುಂಡಿಗೆ ಯಾತರ ಪರೀಕ್ಷೆ ಸಾಮಿ, ಅದು ಹೋಗೋದು ಗೊತ್ತೇ ಐತಲ್ಲ' ಎಂದಳು. ನಮ್ಮ ವಿಭಾಗ ಹುಟ್ಟಿದಾಗಿನಿಂದ ಯಾರೂ ಕೇಳದಿದ್ದ ಪ್ರಶ್ನೆ ಅದು.

ಜೀಪಿನ ಹತ್ತಿರ ಕುಂಟಿಕೊಂಡು ಹೋಗಿ ಸಾಹೇಬರಿಗೆ ಎಲ್ಲವನ್ನೂ ಹೇಳಿದೆ. ಬೆಲ್ಲ, ಹುಲ್ಲು, ಕೊಡತಿ, ನನ್ನ ಮಾತು, ಒಂದನ್ನೂ ಬಿಡಲಿಲ್ಲ. ಕೊಡೆಕಡ್ಡಿಯದು ಮಾತ್ರ ಬಿಟ್ಟೆ. ಅವರು ತೆಗೆದಿದ್ದ ಟೋಪಿಯನ್ನು ಮತ್ತೆ ಹಾಕಿಕೊಂಡು, 'ಇದನ್ನು ವರದಿಯಲ್ಲಿ ಬರೆಯಲು ಬರುವುದಿಲ್ಲ. ಮುಂದಿನ ವಾರ ಮೊದಲಿನಂಥ ಮಣ್ಣು ಇರಲಿ, ಗುಂಡು ಮೊದಲಿನಂತೆ ಹೋಗಲಿ. ಹೋದರೆ ತೋಟಾ ಸರಿಯಿದೆ, ನೀವೂ ಸರಿ. ಹೋಗದಿದ್ದರೆ ನಾನು ಹೇಳಿದ ಹಾಗೆಯೇ' ಎಂದರು.

ಇಷ್ಟೇ ತಾನೇ ಎಂದು ವಾಪಸ್ಸು ಬಂದು ಆಯಮ್ಮನಿಗೆ ಹೇಳಿದೆ, 'ಮೊದಲನೇ ವಾರ ಮಾಡಿದ್ದೆಯಲ್ಲ, ಅಂಥದ್ದೇ ಮಾಡು. ಸುಮ್ಮನೆ ಒಂದು ದಿನ ತುಳಿ, ಸಾಕು.'

'ಆಗಲ್ಲ ಸಾಮಿ. ಫೇಲಾದ ಮಣ್ಣನ್ನ ಗೊತ್ತಿದ್ದು ಗೊತ್ತಿದ್ದು ತುಳಿಯೋಕೆ ನಂಗೆ ಕಾಲು ಬರಲ್ಲ' ಎಂದಳು. ಒಡೆದ ಕಾಯಿಯ ಇನ್ನೊಂದು ಹೋಳು ಚೀಲಕ್ಕೆ ಹಾಕಿಕೊಂಡು, ಆ ಮೊದಲನೆಯ ದಿಮ್ಮಿಯನ್ನು ತಾನು ಮನೆಗೆ ಒಯ್ಯಬಹುದೇ ಎಂದು ಕೇಳಿದಳು. ನಾನು ಒಳಗಿನ ಗುಂಡನ್ನು ಕೊಕ್ಕೆ ಹಾಕಿ ಕಿತ್ತುಕೊಂಡು, 'ಒಯ್ಯಿ, ನನ್ನ ಕಣ್ಣೆದುರಿಗೆ ಅದು ಬೇಡ' ಎಂದೆ. ಮಗನ ಗಾಡಿಯಲ್ಲಿ ಅದನ್ನು ಹೇರಿಕೊಂಡು ಹೋದಳು.

ನನಗೂ ರೋಷ ಬಂತು. ಮಣ್ಣು ತುಳಿಯುವುದೇನು ಮಹಾ ವಿದ್ಯೆ, ನಾನೇ ತುಳಿಯುತ್ತೇನೆ ಎಂದುಕೊಂಡೆ. ರಜೆ ಹಾಕಿ, ಮಾಲೂರಿನಲ್ಲಿ ಒಬ್ಬ ಸ್ನೇಹಿತನ ರೂಮಿನಲ್ಲಿ ಉಳಿದು, ಬೆಳಗ್ಗೆಯೇ ಕ್ವಾರಿಗೆ ಬಂದೆ. ಪ್ಯಾಂಟು ಮಡಿಚಿ, ಆಯಮ್ಮ ಮಣ್ಣು ತುಳಿಯುತ್ತಿದ್ದ ಹೊಂಡಕ್ಕೆ ಇಳಿದೆ. ಉಗುರು ಎದ್ದ ಕಾಲು ಬೇರೆ. ನೀರು ಹೆಚ್ಚಾಯಿತು. ಎಡಗಾಲು ಮೊಣಕಾಲಿನವರೆಗೆ ಹೂತುಹೋಯಿತು. ಎಳೆದರೆ ಕಾಲು ಬಂತು, ಚಪ್ಪಲಿ ಬರಲಿಲ್ಲ. ಚಪ್ಪಲಿಗೆ ಬಗ್ಗಿದೆ, ಮುಖ ಮುಂದಾಗಿ ಬಿದ್ದೆ. ಎದ್ದು ನೋಡಿದರೆ ಹೊಂಡದ ದಡದಲ್ಲಿ ಆ ಮೇಕೆ ನಿಂತಿತ್ತು. ಹಿಂದೆ ಅದನ್ನು ಕಾಯುವ ಮುದುಕನೂ ನಿಂತಿದ್ದ. 'ಏಮಿ ಸಾರೂ, ಎಮ್ಮೆ ಬಿದ್ದೈತೆ ಅಂದ್ಕೊಂಡೆ' ಎಂದು ಹೇಳಿ, ಮೇಕೆ ಹೊಡೆದುಕೊಂಡು ಹೋದ. ಇಡೀ ದಿನ ಹೆಣಗಾಡಿ ಎರಡು ದಿಮ್ಮಿ ಮಾಡಿದೆ. ಮರುದಿನ ಬಂದು ನೋಡಿದರೆ ಒಂದು ದಿಮ್ಮಿ ಬಿಸಿಲಿಗೆ ಬಿರಿದು ಎರಡು ಹೋಳಾಗಿತ್ತು. ಇನ್ನೊಂದು ತನ್ನ ಭಾರಕ್ಕೆ ತಾನೇ ಕುಸಿದು, ಹಿಂದಿನ ದಿನದ ಸಾರು ಹಾಕಿದ ಮುದ್ದೆಯ ಹಾಗೆ ಹರಡಿಕೊಂಡಿತ್ತು. ಗುಂಡಲ್ಲ, ಗಟ್ಟಿಯಾಗಿ ಕೆಮ್ಮಿದರೂ ತೂತು ಬೀಳುವಂಥ ಮಣ್ಣು.

ಅಧಿಕಾರಿಗಳು ಬರಲು ಎರಡು ದಿನ ಉಳಿದಿತ್ತು. ನನ್ನ ಪೊಗರೆಲ್ಲ ಆ ಹೊಂಡದಲ್ಲೇ ಇಳಿದುಹೋಗಿತ್ತು. ಕುಂಟುತ್ತ ಆಯಮ್ಮನ ಮನೆಗೆ ನಡೆದೆ.

ಆಕೆ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ನನ್ನ ಬಟ್ಟೆಯ ಮಣ್ಣು ನೋಡಿದ್ದೇ ಆಕೆಗೆ ಎಲ್ಲ ಗೊತ್ತಾಗಿಬಿಟ್ಟಿತು. ಬಾಗಿಲ ಪಕ್ಕ ಸಗಣಿ ಸಾರಿಸಿ, ಅಂಚಿಗೆ ಕೆಮ್ಮಣ್ಣು ಬಳಿದಿದ್ದ ಒಂದು ಪೀಠದಂಥದ್ದನ್ನು ತೋರಿಸಿ, 'ಕುತ್ಕೊಳ್ಳಿ ಸಾಮಿ' ಎಂದಳು. ಕೂತ ಮೇಲೆ ಗೊತ್ತಾಯಿತು, ಅದು ಆ ದಿಮ್ಮಿ. ತೂತನ್ನು ಮುಚ್ಚಿ ನುಣ್ಣಗೆ ಮಾಡಿದ್ದಳು. 'ಗಟ್ಟಿಯಾಗಿ ಕುತ್ಕೊಳ್ಳಿ. ಗುಂಡಿಗೇ ಜಗ್ಗಿಲ್ಲ, ನಿಮಗೆ ಜಗ್ಗುತ್ತಾ' ಎಂದಳು. ಬಂದ ನೆಂಟರನ್ನೆಲ್ಲ ಅದರ ಮೇಲೆ ಕೂರಿಸಿ ಆ ಮಾತು ಹೇಳುತ್ತಿದ್ದಳಂತೆ. ಸೊಸೆ ನೀರು ಕೊಡುವಾಗ ನಗುತ್ತಾ ಹೇಳಿದಳು.

ನನಗೆ ಅಪ್ಪನ ಟೀ ಅಂಗಡಿ ನೆನಪಾಯಿತು. ಹೇಗೆ ಶುರು ಮಾಡಬೇಕೆಂದು ತಿಳಿಯದೆ, ಮನೆಯಲ್ಲಿ ಅವ್ವನ ಹತ್ತಿರ ಮಾತಾಡುವ ಅರ್ಧ ತೆಲುಗು ಅರ್ಧ ಕನ್ನಡದಲ್ಲೇ ಶುರು ಮಾಡಿದೆ. ನಂಗಲಿಯ ಲಾರಿ ಡ್ರೈವರುಗಳು, ಅಪ್ಪ ಹೇಳಿಕೊಂಡು ತಿರುಗುವ ಮಾತು, ಎರಡು ವರ್ಷ ಕೆಲಸವಿಲ್ಲದೆ ಕೂತದ್ದು, ಸಾಹೇಬರು ಬರೆಯಬೇಕಾದ ಒಂದು ಸಾಲು, ಎಲ್ಲವನ್ನೂ ಹೇಳಿದೆ. ಕೊನೆಗೆ, 'ಆವತ್ತು ನಿಮ್ಮ ಮಣ್ಣಿನ ಬಗ್ಗೆ ಹಂಗೆ ಅಂದಿದ್ದು ತಪ್ಪಾಯ್ತಮ್ಮ. ಅದು ಹವಾಲ್ದಾರರನ್ನ ನಗಿಸೋಕೆ ಅಂದಿದ್ದು. ಮಣ್ಣು ಆವತ್ತೂ ಚೆನ್ನಾಗೇ ಇತ್ತು' ಎಂದೆ. ಆಕೆಯನ್ನು ನಾನು 'ನೀವು' ಎಂದದ್ದು ಅದೇ ಮೊದಲು.

ಆಯಮ್ಮ ಮೊರ ಕೆಳಗಿಟ್ಟಳು.

'ನಂಗಲಿ ಕಡೇನಾ ನಾಯ್ನಾ ನೀನು? ಮೊದಲೇ ಹೇಳೋಕೇನಾಗಿತ್ತು' ಎಂದಳು. ಸಾಮಿ ಹೋಗಿ ನಾಯ್ನಾ ಆದೆ, ನಮ್ಮ ಕಡೆ ಮಗನನ್ನು ಪ್ರೀತಿಯಿಂದ ಕರೆಯುವ ಮಾತು ಅದು. ಕೇರಿದ ರಾಗಿಯನ್ನು ಒಂದು ಕಡೆ ಗುಡ್ಡೆ ಮಾಡಿ, 'ಕೆಲಸದಿಂದ ಕಳಿಸಿಬಿಟ್ರೆ ಹೆಂಗಿರುತ್ತೆ ಅಂತ ನಂಗೊತ್ತು. ನಾಳೆ ತುಳೀತೀನಿ. ನೀನು ಮಾತ್ರ ಹೊಂಡಕ್ಕೆ ಇಳೀಬ್ಯಾಡ' ಎಂದಳು.

ಹಿರಿಯ ಅಧಿಕಾರಿಗಳು ಬಂದ ದಿನ ಕ್ವಾರಿಯಲ್ಲಿ ಜಾತ್ರೆಯಂತಿತ್ತು. ಮೂರು ಜೀಪು, ಕುರ್ಚಿ, ಫ್ಲಾಸ್ಕಿನಲ್ಲಿ ಕಾಫಿ. ಹವಾಲ್ದಾರರು ಎಲ್ಲರಿಗೂ ಹಂಚಲು ಶ್ರೀನಿವಾಸಪುರದಿಂದ ಒಂದು ಬುಟ್ಟಿ ಮಾವಿನಹಣ್ಣು ತಂದಿದ್ದರು. ಮೀಸೆಗೆ ಎಣ್ಣೆಯನ್ನೂ ಹಚ್ಚಿದ್ದರು. ಐದು ದಿಮ್ಮಿಗಳು ಸಾಲಾಗಿ ಕೂತಿದ್ದವು. ಮುಟ್ಟಿ ನೋಡಿದೆ. ಮೊದಲ ವಾರದ ಹದವೇ. ಆಯಮ್ಮ ಹೊಂಗೆ ಮರದ ಕೆಳಗೆ, ಎಂದಿನ ಜಾಗದಲ್ಲಿ ಕೂತಿದ್ದಳು. ಈ ಸಲ ದಿಮ್ಮಿಗಳ ಕಡೆಗೆ ಬೆನ್ನು ಮಾಡಿದ್ದಳು.

ಹವಾಲ್ದಾರರು ದಾರ ಎಳೆದರು. ಸದ್ದು ಅಡಗಿದ ಮೇಲೆ ನಾನು ಕುಂಟಿಕೊಂಡು ಓಡಿದೆ. ಮೊದಲನೆಯದು, ಎರಡನೆಯದು, ಮೂರನೆಯದು, ನಾಲ್ಕನೆಯದು ದಾಟಿತ್ತು. ಐದನೆಯದರ ಮಧ್ಯಕ್ಕೆ ಸರಿಯಾಗಿ ನಿಂತಿತ್ತು. ದಿಮ್ಮಿ ಕೊಯ್ದು ತೋರಿಸಿದೆ. ಒಳಗೆ ಎಂಥ ಸೋರೆಕಾಯಿ ಅಂತೀರಿ, ಸಂತೆಯಲ್ಲಿ ಇಟ್ಟರೆ ಯಾರಾದರೂ ಕೊಂಡು ಹೋಗಬೇಕು, ಅಷ್ಟು ಚೆನ್ನಾಗಿತ್ತು. ಹಿರಿಯ ಅಧಿಕಾರಿಗಳು ಬಗ್ಗಿ ನೋಡಿ, 'ವೆರಿ ಗುಡ್' ಎಂದು ಚಪ್ಪಾಳೆ ತಟ್ಟಿದರು. ಅವರು ತಟ್ಟಿದ ಮೇಲೆ ಎಲ್ಲರೂ ತಟ್ಟಿದರು. ನಾನೂ ತಟ್ಟಿದೆ. ನನ್ನ ಕೆಲಸ ಉಳಿಯಿತು, ನಂಗಲಿಯಲ್ಲಿ ತಲೆಯೆತ್ತಿಕೊಂಡು ಇಳಿಯಬಹುದು ಎನ್ನುವ ಖುಷಿಯಲ್ಲಿ ಅಂಗೈ ಉರಿಯುವ ಹಾಗೆ ತಟ್ಟಿದೆ.

'ಇದು ಯಾವ ಮಣ್ಣು?' ಎಂದು ಹಿರಿಯರು ಕೇಳಿದರು.

'ಏನೂ ವಿಶೇಷವಿಲ್ಲ ಸಾರ್. ತೀರಾ ಸಾಧಾರಣ ಮಣ್ಣು' ಎಂದರು ನಮ್ಮ ಸಾಹೇಬರು.

ಹೊಂಗೆ ಮರ ಅಲ್ಲಿಂದ ಬಹಳ ದೂರವೇನಿರಲಿಲ್ಲ. ನಾನು ತಟ್ಟುವುದನ್ನು ನಿಲ್ಲಿಸಿ ಆ ಕಡೆ ನೋಡಿದೆ. ಆಯಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡಿದ್ದಳು.

ಎಲ್ಲರೂ ಮಾವಿನಹಣ್ಣಿನ ಬುಟ್ಟಿಯ ಕಡೆಗೆ ಹೋದ ಮೇಲೆ ಆಕೆ ಎದ್ದು ಬಂದಳು. ಕೊಯ್ಯದೆ ಉಳಿದಿದ್ದ ಮೊದಲನೆಯ ದಿಮ್ಮಿಯ ಮುಂದೆ ಕೂತು, ತೂತಿನೊಳಗೆ ಕೈ ಹಾಕಿದಳು. ಮೊಣಕೈಯವರೆಗೆ ಹೋಯಿತು. ಒಳಗಿನ ಮಣ್ಣನ್ನು ಬೆರಳಲ್ಲಿ ಒಂದು ಸುತ್ತು ಸವರಿ ಕೈ ಹೊರಗೆ ತೆಗೆದಳು.

'ಕೆಲಸ ಉಳೀತಾ ನಾಯ್ನಾ?'

'ಉಳೀತಮ್ಮ.'

'ಹಂಗಾದ್ರೆ ಸರಿ.' ಎದ್ದು, ಸೀರೆ ಕೊಡವಿಕೊಂಡು, ಅತ್ತಿತ್ತ ನೋಡಿ ದನಿ ತಗ್ಗಿಸಿದಳು. 'ಇದು ನಾನು ತುಳಿದ ಮಣ್ಣು ಅಂತ ಯಾರಿಗೂ ಹೇಳಬ್ಯಾಡ.'

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆಮೇಲೆ ಮೂವತ್ತೊಂದು ವರ್ಷ ನೌಕರಿ ಮಾಡಿದೆ. ನಾಲಿಗೆಯ ಚೇಷ್ಟೆ ಹೋಗಲಿಲ್ಲ, ಕಾಲಿನ ಕೋಪವೂ ಹೋಗಲಿಲ್ಲ. ಗುಂಡಿಗೆ ಜಗ್ಗದ ದಿಮ್ಮಿಯ ಕತೆಯನ್ನು ಎಷ್ಟೋ ಜನರಿಗೆ ಹೇಳಿದ್ದೇನೆ, ಆಗೆಲ್ಲ ಆಯಮ್ಮನ ಹೆಸರು, ಊರು, ಮನೆ ಎಲ್ಲವನ್ನೂ ಹೇಳುತ್ತೇನೆ. ಇವತ್ತು ಮಾತ್ರ ಗುಂಡು ತೂರಿಹೋದ ಇನ್ನೊಂದು ದಿಮ್ಮಿಯ ವಿಷಯವನ್ನೂ ಬರೆದುಬಿಟ್ಟೆ. ಅದಕ್ಕೇ ಆಕೆಯ ಹೆಸರು ಇಲ್ಲಿ ಇಲ್ಲ.